ಮುರಿದ ಕಾಲಿನ ಆಮೆ ನಿಮಗೆ ಕಾಣುತ್ತಿತ್ತಾ, ಭಾವ?

...ಹಾಂ, ಈಗ ರೆಕಾರ್ಡಿಂಗಿನ ಕೆಂಪು ಚುಕ್ಕಿ ಬಂತು. ಭಾವ, ಕ್ಷಮಿಸಿ, ಮತ್ತೆ ಮೊದಲಿಂದ ಶುರು ಮಾಡುತ್ತಿದ್ದೀನಿ. ಹಿಂದಿನದು ಅರ್ಧಕ್ಕೇ ಹೊರಟುಹೋಯಿತು, ಬೆರಳು ಎಲ್ಲೋ ಜಾರಿತು. ಅದರ ಹಿಂದಿನದನ್ನು ನಾನೇ ಅಳಿಸಿದೆ, ಬರೀ ಕೆಮ್ಮೇ ಇತ್ತು. ಅದಕ್ಕೂ ಮುಂಚಿನ ಒಂದೆರಡು ನಿಮಗೆ ಬಂದಿರಬೇಕು. ಬಂದಿರಬೇಕು ಅಂದರೆ, ಇಲ್ಲಿ ಒಂದೇ ಟಿಕ್ ಗೆರೆ ತೋರಿಸುತ್ತಿದೆ, ಇನ್ನೂ ತಲುಪಿಲ್ಲ. ನಿಮ್ಮ ಫೋನು ಬೇಲೂರಲ್ಲಿ ಅಕ್ಕನ ಹತ್ತಿರ, ನಿಮ್ಮ ಮಗಳ ಮನೆಯ ಬೀರುವಿನಲ್ಲಿ ಮಲಗಿದೆ. ಗ್ಯಾಸು, ಬ್ಯಾಂಕು, ಪಿಂಚಣಿ ಎಲ್ಲದಕ್ಕೂ ನಿಮ್ಮ ನಂಬರೇ ಕೊಟ್ಟಿರುವುದರಿಂದ ಓಟಿಪಿ ಬೇಕಾದಾಗ ಮಾತ್ರ ಅಕ್ಕ ಅದನ್ನು ಎಬ್ಬಿಸುತ್ತಾಳೆ, ಕೆಲಸ ಮುಗಿದ ಮೇಲೆ ಮತ್ತೆ ಮಲಗಿಸುತ್ತಾಳೆ. ಹೋದವರ ಫೋನಿಗೆ ಮಾತು ಕಳಿಸುವವನನ್ನು ಏನಂತ ಕರೆಯಬೇಕು? ನೀವಿದ್ದಿದ್ದರೆ ಒಂದು ಹೆಸರು ಇಟ್ಟಿರುತ್ತಿದ್ದಿರಿ.

"ವಿಷಯಕ್ಕೆ ಬಾರ್ಲಾ ಲೋಕ" ಅನ್ನುತ್ತಿದ್ದಿರಲ್ಲ, ನಾನು ಹೀಗೆ ಸುತ್ತಿದಾಗಲೆಲ್ಲ. ಬಂದೆ. ನಾಳೆಯಿಂದ ಬೇಸಿಗೆ ಶಿಬಿರ, ಮಕ್ಕಳು ಬರುತ್ತವೆ. ನನಗೆ ಆಮೆ ಕಾಣುತ್ತಿಲ್ಲ. ಕೊಳದ ನೀರು ಮಂಕಾಗಿದೆಯೋ ನನ್ನ ಕಣ್ಣು ಮಂಕಾಗಿದೆಯೋ ಗೊತ್ತಾಗುತ್ತಿಲ್ಲ. ಇದನ್ನು ಯಾರ ಹತ್ತಿರ ಹೇಳಲಿ? ಹೇಳಿದರೆ ಏನಾಗುತ್ತೆ, ಹೇಳದಿದ್ದರೆ ಏನಾಗುತ್ತೆ... ತಲೆ ಕೆಟ್ಟು ಪಂಪ್ ರೂಮಿನ ಮೆಟ್ಟಿಲ ಮೇಲೆ ಕೂತಿದ್ದೀನಿ. ಬೆಳಗಿನ ಬ್ಯಾಚ್ ಮುಗಿದು ಗೇಟ್ ಹಾಕಿದೆ. ಹಿಂದೆ ಗುಂಯ್ ಅನ್ನುತ್ತಿರುವುದು ನಮ್ಮ ಹಳೇ ಮೋಟಾರು, ಅದನ್ನು ನೀವು ಗುರುತು ಹಿಡಿಯುತ್ತೀರಿ.

ನಾನು ಇಲ್ಲಿಗೆ ಬಂದ ಮೊದಲ ಬೆಳಗ್ಗೆ ನೆನಪಿದೆಯಾ? ಅಲ್ಲಿಯವರೆಗೆ ಅರಸೀಕೆರೆ ಮಂಡಿಯಲ್ಲಿ ಕೊಬ್ಬರಿ ಅಲ್ಲಾಡಿಸಿ, ಕಿವಿ ಹತ್ತಿರ ಹಿಡಿದು, ಇದು ಒಣಗಿದೆ, ಇದು ಹಸಿ ಅಂತ ಬೇರೆ ಮಾಡುತ್ತಿದ್ದೆ. ಮಂಡಿಯ ಧೂಳಿಗೆ ಉಬ್ಬಸ ಹತ್ತಿ, ಅಕ್ಕ ನಿಮ್ಮ ಮುಂದೆ ಅತ್ತು, ನೀವು ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಈಜುಕೊಳಕ್ಕೆ ತಂದಿರಿ. ಕೈಗೊಂದು ಗಾಜಿನ ಸೀಸೆ ಕೊಟ್ಟು, "ಬಾಯಿ ಕೆಳಗ್ಮಾಡಿ ಇಳ್ಸು. ಮೊಣಕೈ ಮುಳುಗೋಗಂಟ ಇಳ್ಸು, ಆಮ್ಯಾಕೆ ತಿರುಗ್ಸು. ಮ್ಯಾಲಿನ್ ನೀರು ಬಿಸ್ಲು ಕುಡ್ದಿರೋ ನೀರು, ಅದ್ರ ಮಾತು ನಂಬಬ್ಯಾಡ" ಅಂದಿರಿ. ನಾನು ತಿರುಗಿಸಿದೆ, ತುಂಬಿಸಿದೆ, ಪರೀಕ್ಷೆಯ ಔಷಧಿಯ ಹನಿ ಬಿಟ್ಟೆ. ಕ್ಲೋರಿನ್ ಇದ್ದರೆ ನೀರು ಹಳದಿಗೆ ತಿರುಗುತ್ತೆ, ಬಣ್ಣದ ಪಟ್ಟಿಗೆ ಹೋಲಿಸಿ ನೋಡಬೇಕು. ಎದೆಗೆ ಹಿಡಿದು ನೋಡಿ, "ಭಾವ, ಸಿಕ್ಕಾಪಟ್ಟೆ ಜಾಸ್ತಿ ಐತೆ" ಅಂತ ಕೂಗಿದೆ. ನೀವು ಬಂದು ಸೀಸೆ ನೋಡಲಿಲ್ಲ, ನನ್ನನ್ನು ನೋಡಿದಿರಿ.

"ಏನ್ಲಾ, ಕ್ಲೋರಿನ್ನು ನೀರಲ್ಲೈತೋ ನಿನ್ ಅಂಗಿಲೈತೋ?"

ಆವತ್ತು ಹಳದಿ ಅಂಗಿ ಹಾಕಿದ್ದೆ ನೋಡಿ. ಪಂಪ್ ರೂಮಿನ ಗೋಡೆಗೆ ನೀವು ಒಂದು ಮಾರು ಸುಣ್ಣ ಹೊಡೆದಿಟ್ಟಿದ್ದೇ ಅದಕ್ಕೆ, ಬಣ್ಣ ನೋಡುವುದಕ್ಕೆ, ಅಂತ ಆಮೇಲೆ ತಿಳಿಯಿತು. ಅಲ್ಲಿಂದ ಇಲ್ಲಿಯವರೆಗೆ ನಾನು ಹಳದಿ ಅಂಗಿ ಮುಟ್ಟಿಲ್ಲ. ಮಗಳ ಮದುವೆಯಲ್ಲಿ ಬೀಗರು ಹಳದಿ ರೇಷ್ಮೆ ಶರ್ಟು ಕೊಟ್ಟಾಗಲೂ ಅದನ್ನು ಹಾಗೇ ಮಡಿಸಿಟ್ಟೆ. ಹೆಂಡತಿಗೆ ಇವತ್ತಿಗೂ ಯಾಕಂತ ಗೊತ್ತಿಲ್ಲ.

ಬೋರ್ಡ್ ಬರೆಯದೆ ಗೇಟ್ ತೆಗೆಯಬಾರದು ಅನ್ನುವುದು ನಿಮ್ಮ ಕಾನೂನು. ರಿಜಿಸ್ಟರಿಗೆ ಆಮೇಲೆ ಏರಿಸಿಕೊಳ್ಳಬಹುದು, ಹಗ್ಗ ಇದೆ, ಟ್ಯೂಬ್ ಇದೆ, ಉದ್ದ ಕೋಲು ಗೂಟದ ಮೇಲಿದೆ ಅಂತೆಲ್ಲ ಅಲ್ಲಿ ಸಹಿ ಹಾಕಬಹುದು. ಆದರೆ ಇವತ್ತಿನ ನೀರು ಹೇಗಿದೆ ಅಂತ ಗೇಟಿನ ಹೊರಗೆ ಕಪ್ಪು ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿರಬೇಕು, ಬಂದವರು ಓದಿ ಒಳಗೆ ಬರಬೇಕು. ಮೊದಲ ಸಾಲು ಕ್ಲೋರಿನ್. ಎರಡನೆಯದು ಪಿಎಚ್. ಮೂರನೆಯದು ಆಮೆ. ನಮ್ಮ ಊರಿನವರು ಓದುತ್ತಿದ್ದದ್ದು ಮೂರನೆಯದೊಂದೇ. ತೆಂಗಿನಕಾಯಿ ವ್ಯಾಪಾರಿಗಳು ಸ್ಕೂಟರ್ ನಿಲ್ಲಿಸದೆ ದೂರದಿಂದಲೇ ಕೂಗುತ್ತಿದ್ದರು, "ಆಮೆ ಎದ್ದೈತಾ?" ಅಂತ. ಹೊಸಬರಿಗೆ ಏನೂ ಅರ್ಥವಾಗದೆ ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಆ ಆಮೆ ತಂದ ದಿನ ನೆನೆಸಿಕೊಂಡರೆ ಈಗಲೂ ನಗು ಬರುತ್ತೆ. ಯಾರದೋ ಗೃಹಪ್ರವೇಶಕ್ಕೆ ಹಳೇಬೀಡಿಗೆ ಹೋಗಿದ್ದೆವು. ಊಟ ಮುಗಿಸಿ ನೀವು ಬಳಪದ ಕಲ್ಲು ಕೆತ್ತುವವನ ಅಂಗಳದಲ್ಲಿ ನಿಂತುಬಿಟ್ಟಿರಿ. ಆನೆ, ನಂದಿ, ಗಣೇಶ ಎಲ್ಲ ಬಿಟ್ಟು ಮೂಲೆಯಲ್ಲಿ ಮಗುಚಿ ಬಿದ್ದಿದ್ದ ಒಂದು ಆಮೆ ನಿಮ್ಮ ಕಣ್ಣಿಗೆ ಬಿತ್ತು. ಊಟದ ತಟ್ಟೆಯಷ್ಟು ಅಗಲ. ಹಿಂದಿನ ಒಂದು ಕಾಲು ಚಕ್ಕೆ ಎದ್ದು ಹೋಗಿತ್ತು. ಕೆತ್ತುವವನು, "ಅದು ಮುರ್ದೋಗೈತೆ ಕಣಣ್ಣ, ಪೂಜೆಗೆ ಬರಾಕಿಲ್ಲ" ಅಂದ. ನೀವು, "ಪೂಜೆಗಲ್ಲ ಕಣಪ್ಪ, ಮುಳುಗ್ಸಾಕೆ" ಅಂದಿರಿ. ಅವನು ಉಳಿ ಕೆಳಗಿಟ್ಟು ನಿಮ್ಮನ್ನು ನೋಡಿದ ನೋಟ! ವಾಪಸ್ಸು ಬರುವ ಬಸ್ಸಲ್ಲಿ ಆಮೆ ನನ್ನ ತೊಡೆ ಮೇಲೆ. ಮುಂದಿನ ಸೀಟಿನ ಅಜ್ಜಿ ತಿರುಗಿ ನೋಡಿ, ಮುಡಿಯಿಂದ ಒಂದು ಎಳೆ ಮಲ್ಲಿಗೆ ಕಿತ್ತು ಅದರ ಬೆನ್ನ ಮೇಲಿಟ್ಟು ಕೈ ಮುಗಿದರು.

"ಎಲ್ಲಿ ಪ್ರತಿಷ್ಠೆ ಮಾಡ್ತೀರಪ್ಪ?"

"ಅರಸೀಕೆರೆಲಿ ತಾಯಿ. ನೀರೊಳಗೆ."

"ಒಳ್ಳೇದಾಯ್ತು. ಸ್ವಾಮಿಗೆ ನೀರೇ ಇಷ್ಟ" ಅಂದರು. ಆ ಮಲ್ಲಿಗೆ ಬಾಡುವವರೆಗೆ ನೀವು ಅದನ್ನು ತೆಗೆಯಲು ಬಿಡಲಿಲ್ಲ.

ಒದ್ದೆಯಾದರೆ ಬಳಪದ ಕಲ್ಲು ಕಪ್ಪಾಗುತ್ತೆ, ತಿಳಿನೀಲಿ ಟೈಲ್ಸ್ ಮೇಲೆ ಎದ್ದು ಕಾಣುತ್ತೆ. ನೀವೇ ಧುಮುಕಿ ಆಳದ ಕಡೆ ತಳದಲ್ಲಿ ಕೂರಿಸಿ ಬಂದಿರಿ. ದಡದಲ್ಲಿ ನಿಂತು ನೋಡಿದರೆ ಆಮೆ ಕಂಡರೆ ಸಾಲದು, ಅದರ ಮುರಿದ ಕಾಲಿನ ಜಾಗ ಕಾಣಬೇಕು. ಕಂಡರೆ ಗೇಟ್ ತೆಗಿ, ಕಾಣದಿದ್ದರೆ ಬೇಡ. ನನಗೆ ಇದು ಚೇಷ್ಟೆ ಅನ್ನಿಸಿತ್ತು. ಸೀಸೆ ಇದೆ, ಹನಿ ಇದೆ, ಕಲ್ಲಿನ ಆಮೆ ಯಾಕೆ?

ಯಾಕೆ ಅಂತ ನೀವು ಬಾಯಲ್ಲಿ ಹೇಳಲಿಲ್ಲ. ಒಂದು ದಿನ ಫಿಲ್ಟರ್ ಕೆಟ್ಟು ನೀರು ಗಂಜಿಯ ತಿಳಿ ಥರ ಆಗಿತ್ತು. ಕ್ಲೋರಿನ್ ಸರಿಯಾಗಿತ್ತು, ಪಿಎಚ್ ಸರಿಯಾಗಿತ್ತು. ನಾನು ಗೇಟ್ ತೆಗೆಯೋಣ ಅಂದೆ. ನೀವು ಅಂಗಿ ಬಿಚ್ಚಿ, "ಇಲ್ಲೇ ನಿಂತ್ಕಂಡು ನನ್ನೇ ನೋಡ್ತಿರು" ಅಂತ ಹೇಳಿ ಧುಮುಕಿದಿರಿ. ನೋಡುತ್ತಿದ್ದೆ. ನೀವು ಕೆಳಗೆ ಹೋದಿರಿ, ನೀರು ಮುಚ್ಚಿಕೊಂಡಿತು, ಅಷ್ಟೆ. ನಾನು ಕಣ್ಣಗಲಿಸಿಕೊಂಡು ನಿಮ್ಮ ನೆತ್ತಿಯ ಮೇಲೆಯೇ ನಿಂತಿದ್ದೆನಂತೆ, ನನಗೆ ಕಂಡದ್ದು ಆಕಾಶ ಮಾತ್ರ. "ಭಾವ, ಸಾಕು ಬನ್ನಿ" ಅಂತ ಕೂಗಿದೆ, ನೀರೊಳಗೆ ಕೇಳುತ್ತಾ ಅದು? ಎದ್ದು ಬಂದು ಮೂಗು ಒರೆಸಿಕೊಂಡು ಕೇಳಿದಿರಿ.

"ಕಂಡ್ನೇನ್ಲಾ?"

"ಇಲ್ಲ ಭಾವ."

"ಎಮ್ಮೆಯಂಗಿರೋ ನಾನೇ ಕಾಣಲಿಲ್ಲ ಅಂದ್ರೆ ಮಕ್ಕಳೆಲ್ಲಿ ಕಂಡಾವು? ಮುಚ್ಚು ಗೇಟ್ನ."

ಮೂರನೇ ಸಾಲು ಯಾಕೆ ಅಂತ ಮತ್ತೆ ನಾನು ಕೇಳಲಿಲ್ಲ.

ಈಗ ನಿಮ್ಮ ಕೊನೆಯ ವರ್ಷದ ಮಾತಿಗೆ ಬರುತ್ತೀನಿ. ತಡೀರಿ, ರೈಲು ಬಂತು... ಹೋಗಲಿ ಅದು... ಹಾಂ. ಆ ವರ್ಷವೆಲ್ಲ ನೀವು ಕೊಳಕ್ಕೆ ಬೆನ್ನು ಹಾಕಿ ಬೋರ್ಡಿನ ಮುಂದೆ ನಿಲ್ಲುತ್ತಿದ್ದಿರಿ. ಸೀಮೆಸುಣ್ಣ ಎತ್ತಿ ಹಿಡಿದು, ತಿರುಗಿಯೂ ನೋಡದೆ, "ಏನ್ಲಾ ಲೋಕ, ಮುರಿದ ಕಾಲೈತಾ?" ಅಂತ ಕೂಗುವುದು. ನಾನು ದಡದಿಂದ "ಐತೆ ಭಾವ" ಅನ್ನುವುದು. ನೀವು ಬರೆಯುವುದು. ನನಗೆ ಅನ್ನಿಸಿದ್ದು, ಭಾವನಿಗೆ ವಯಸ್ಸಾಯಿತು, ಅಷ್ಟು ದೂರ ನಡೆಯಲು ಸೋಮಾರಿತನ. ಇಲ್ಲವೇ, ನನ್ನನ್ನು ಪಳಗಿಸುತ್ತಿದ್ದಾರೆ. ಬಣ್ಣದ ಪಟ್ಟಿಯನ್ನೂ "ನೀನೇ ನೋಡ್ಲಾ, ಎಷ್ಟು ದಿನ ನನ್ ಬಾಲ ಹಿಡೀತೀಯ" ಅಂತ ನನ್ನ ಕೈಗೆ ತಳ್ಳಿದಿರಿ. ನನಗೆ ಹೆಮ್ಮೆ ಆಗಿತ್ತು ಭಾವ. ಮನೆಗೆ ಹೋಗಿ ಹೆಂಡತಿಗೆ ಹೇಳಿಕೊಂಡಿದ್ದೆ.

ಒಂದು ಬೆಳಗ್ಗೆ ನಿಮ್ಮನ್ನು ರೇಗಿಸೋಣ ಅನ್ನಿಸಿತು. ನೀವು ಕೇಳಿದ ಕೂಡಲೇ, "ಭಾವ, ಕಾಲಲ್ಲ, ಆಮೇನೇ ಇಲ್ಲ! ಎದ್ದು ಹಳೇಬೀಡಿಗೆ ಹೊಂಟೋಗೈತೆ!" ಅಂದೆ. ನೀವು ನಗುತ್ತೀರಿ ಅಂದುಕೊಂಡಿದ್ದೆ. ಸೀಮೆಸುಣ್ಣ ಬಿಸಾಕಿ ಓಡಿ ಬಂದಿರಿ, ದಡದಲ್ಲಿ ಮಂಡಿಯೂರಿ ಬಗ್ಗಿದಿರಿ. ನೀರು ಆವತ್ತು ಗಾಜು. ಆಮೆ ನಿಮ್ಮ ಮೂಗಿನ ನೇರಕ್ಕೇ ಇತ್ತು. ನೀವು ನೋಡಿದಿರಿ, ಇನ್ನೂ ಬಗ್ಗಿ ನೋಡಿದಿರಿ, ಆಮೇಲೆ ನೀರಿನ ಕಡೆಗೇ ಮುಖ ಇಟ್ಟುಕೊಂಡು ಸಣ್ಣ ದನಿಯಲ್ಲಿ ಕೇಳಿದಿರಿ, "ನಿಜ ಹೇಳ್ಲಾ. ಇಲ್ವಾ?"

"ಐತೆ ಭಾವ, ತಮಾಷೆ ಮಾಡ್ದೆ" ಅಂದೆ. ನೀವು ಬೈಯಲಿಲ್ಲ. ನನ್ನ ಹೆಗಲು ಹಿಡಿದು ಎದ್ದು ಹೋಗಿ ಬರೆದಿರಿ.

ಆವತ್ತು ನಾನೇನೂ ಯೋಚಿಸಲಿಲ್ಲ. ಈಗ ಅದೊಂದೇ ಯೋಚನೆ. ಇದ್ದ ಆಮೆಯನ್ನು ನೋಡುತ್ತಾ ನೀವು ಇಲ್ವಾ ಅಂತ ಯಾಕೆ ಕೇಳಿದಿರಿ? ನಿಮಗೆ ಕಾಣುತ್ತಿತ್ತಾ, ಇಲ್ಲವಾ? ಒಂದು ವರ್ಷ ನೀವು ನನಗೆ ಕಲಿಸುತ್ತಿದ್ದಿರಾ, ಅಥವಾ ನನ್ನ ಕಣ್ಣಿಂದ... ಹೇಳಬಹುದಿತ್ತಲ್ಲ. ನಾನೇನು ಊರೆಲ್ಲ ಸಾರುತ್ತಿದ್ದೆನಾ? ಸಾರುತ್ತಿದ್ದೆ ಅಂತೀರೇನೋ. ನನ್ನ ಬಾಯಿ ನಿಮಗೆ ಗೊತ್ತು.

ಈ ಸಲ ಶಿವರಾತ್ರಿ ಕಳೆದ ಮೇಲೆ ಶುರುವಾಯಿತು ನನಗೆ. ಒಂದು ಬೆಳಗ್ಗೆ ಆಮೆ ಇತ್ತು, ಮುರಿದ ಕಾಲು ಇರಲಿಲ್ಲ. ನಾಲ್ಕೂ ಕಾಲು ಸೇರಿ ಒಂದು ಕಪ್ಪು ಮುದ್ದೆ. ಕ್ಲೋರಿನ್ ನೋಡಿದೆ, ಸರಿ. ಪಿಎಚ್ ಸರಿ. ಫಿಲ್ಟರ್ ತಿರುಗಿಸಿ ತೊಳೆದೆ, ನೀರು ತಿಳಿಯಾಗಲಿ ಅಂತ ಪಟಿಕ ಹಾಕಿದೆ, ಮಾರನೆಯ ದಿನ ಮತ್ತೆ ಅದೇ ಮುದ್ದೆ. ಬೋರ್ಡಿನಲ್ಲಿ "ಆಮೆ ಕಂಡಿಲ್ಲ" ಅಂತ ಬರೆದೆ, ಗೇಟ್ ಹಾಕಿದೆ. ಬಂದವರು ಟವೆಲ್ ಹೆಗಲಿಗೆ ಹಾಕಿಕೊಂಡು ವಾಪಸ್ಸು. "ಏನಣ್ಣ, ನಿಮ್ಮಾಮೆಗೆ ವಾರಕ್ಕೆ ಎಷ್ಟು ರಜ?" ಅಂತ ಒಬ್ಬ. "ಮಾಲೇಕಲ್ಲು ದೇವ್ರಿಗೆ ಹರಕೆ ಹೊತ್ಕಳ್ಳಿ, ಸರಿಹೋಯ್ತದೆ" ಅಂತ ಇನ್ನೊಬ್ಬ. ನಾನೂ ನಕ್ಕೆ. ಹೀಗೆ ಮತ್ತೆ ಮತ್ತೆ ಆಯಿತು. ಆಮೇಲೆ ನಗುವವರೂ ಕಡಿಮೆ ಆದರು.

ಕೊಳದ ಸಮಿತಿಯ ಕಾರ್ಯದರ್ಶಿ ಬಸಪ್ಪ ಮೇಷ್ಟ್ರು ಬಂದರು ಒಂದು ದಿನ. ಕೆಟ್ಟವರಲ್ಲ, ನಿಮಗೆ ಗೊತ್ತಲ್ಲ. ಪಂಚೆ ಎತ್ತಿಕೊಂಡು ದಡಕ್ಕೆ ಹೋಗಿ ಬಗ್ಗಿ ನೋಡಿದರು.

"ಕಾಣ್ತಾ ಇದೆಯಲ್ಲಯ್ಯ ಲೋಕೇಶ. ಮುರಿದಿರೋ ಕಾಲೂ ಕಾಣ್ತಿದೆ. ಇನ್ನೇನು, ಅದು ಕೈ ಬೀಸಬೇಕಾ ನಿನಗೆ?"

ನಾನು ನೋಡಿದೆ. ಮುದ್ದೆ. ಪಕ್ಕದಲ್ಲಿ ನಾಗವೇಣಿ ನಿಂತಿದ್ದಳು. ನೀವು ನೋಡಿಲ್ಲ ಅವಳನ್ನು. ನೀವು ಹೋದ ಮೇಲೆ ಬಂದವಳು, ಅರೇಹಳ್ಳಿ ಕಡೆಯವಳು, ಹೆಂಗಸರ ಬ್ಯಾಚಿಗೂ ಮಕ್ಕಳಿಗೂ ಈಜು ಕಲಿಸುತ್ತಾಳೆ. ದನಿ ಎತ್ತಿದರೆ ಸ್ಟೇಷನ್ನಿನವರೆಗೆ ಕೇಳುತ್ತೆ. ಅವಳೂ ಅವತ್ತು ಮೆತ್ತಗೆ, "ನಂಗೂ ಕಾಣ್ತೈತೆ ಲೋಕಣ್ಣ" ಅಂದಳು.

ಹಾಗಾದರೆ ಕಣ್ಣೇ ಅಂತ ಸುಮ್ಮನಾಗಬಹುದಿತ್ತು. ಆದರೆ ಮರುವಾರ ನಾನು "ಕಂಡಿಲ್ಲ" ಅಂದ ದಿನ ಅವಳೂ ಬಗ್ಗಿ ನೋಡಿ, "ಅಯ್ಯೋ, ಇವತ್ತು ನಂಗೂ ಇಲ್ಲ ಕಣಣ್ಣ" ಅಂದಳು. ಪಿಎಚ್ ನಿಜವಾಗಲೂ ಏರಿತ್ತು, ನೀರಿಗೆ ಸುಣ್ಣದ ಮಬ್ಬು ಹತ್ತಿತ್ತು. ಅಂದರೆ ಅವತ್ತು ನಾನು ಸರಿ. ಹಾಗಾದರೆ ಹಿಂದಿನ ಯಾವ ಯಾವ ದಿನ ಸರಿ, ಯಾವ ದಿನ ತಪ್ಪು? ಈಗ ಯಾರಿಗೆ ಗೊತ್ತು? ಬಸ್ ಸ್ಟ್ಯಾಂಡಿಗೆ ಹೋಗಿ ಪರೀಕ್ಷೆ ಮಾಡಿಕೊಂಡೆ ಭಾವ, ಹುಚ್ಚನ ಹಾಗೆ. ಬೇಲೂರು ಬಸ್ಸಿನ ಬೋರ್ಡ್ ಓದಿದೆ. ಮಾಲೇಕಲ್ಲು ಬೆಟ್ಟದ ಮೆಟ್ಟಿಲು ಇಲ್ಲಿಂದಲೇ ಗೆರೆ ಎಳೆದ ಹಾಗೆ ಕಾಣುತ್ತೆ. ಕಣ್ಣು ಚೆನ್ನಾಗಿದೆ ಅಂತ ಖುಷಿಯಾಗಿ ಕಾಫಿ ಕುಡಿದು ಬಂದು ನೀರಿನ ಮುಂದೆ ನಿಂತರೆ, ಬೆಳಗಿನ ಬಿಸಿಲು ನೀರ ಮೇಲೆ ಬಿದ್ದದ್ದೇ ತಡ, ಕಣ್ಣೊಳಗೆ ಹಾಲು ಚೆಲ್ಲಿದ ಹಾಗಾಗುತ್ತೆ. ನಿಮಗೂ ಹೀಗೇ ಆಗುತ್ತಿತ್ತಾ? ಬಿಸಿಲಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದದ್ದು ಅದಕ್ಕೇನಾ? ಪೊರೆ ಬಂದಿದ್ದರೆ ಆಪರೇಷನ್ನಿಗೆ ಯಾಕೆ ಹೋಗಲಿಲ್ಲ? ಸೀಮೆಸುಣ್ಣ ಕಿತ್ತುಕೊಳ್ಳುತ್ತಾರೆ ಅಂತಲೋ, ಅಥವಾ ನಾನಿದ್ದೀನಿ ಅಂತಲೋ...

ಮೊನ್ನೆ ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತು ಹೇಳಿದರು. "ನೋಡಯ್ಯ, ಶಿಬಿರಕ್ಕೆ ಊರಿನ ಮಕ್ಕಳೆಲ್ಲ ಹೆಸರು ಕೊಟ್ಟಿವೆ. ಹೊಸ ಮೀಟರ್ ತಂದಿದೀವಿ, ಅದ್ದಿದರೆ ಅಂಕಿ ಬರುತ್ತೆ. ಆ ಎರಡು ಸಾಲು ಬರಿ, ಸಾಕು. ಆಮೆ ಸಾಲು ತೆಗೆದುಬಿಡು. ನಿನ್ನ ಆಮೆಯಿಂದ ದಿನಾ ಜಗಳ."

ನಾನು, "ಆಗಲ್ಲ ಮೇಷ್ಟ್ರೇ" ಅಂದೆ.

"ಯಾಕೆ ಆಗಲ್ಲ?"

ಯಾಕೆ ಅಂತ ಹೇಳಬೇಕಾದರೆ ನಿಮ್ಮನ್ನು ಮತ್ತೆ ತಳಕ್ಕೆ ಇಳಿಸಬೇಕಿತ್ತು. ಬಾಯಿಗೆ ಬಂತು, ಹೇಳಲಿಲ್ಲ. ಯಾಕೆಂದರೆ, ಭಾವ, ಇಲ್ಲೇ ನೋಡಿ ನಾನು ಸಿಕ್ಕಿಬಿದ್ದಿರುವುದು. ಕಣ್ಣು ಕೆಟ್ಟಿದೆ ಅಂತ ಒಪ್ಪಿಕೊಂಡರೆ, "ಓಹೋ, ಹಾಗಾದರೆ ಮುಚ್ಚಿದ ದಿನಗಳೆಲ್ಲ ಸುಳ್ಳು, ಆಮೆ ಲೆಕ್ಕವೇ ಸುಳ್ಳು" ಅಂತ ಮೂರನೇ ಸಾಲನ್ನು ಅಳಿಸುತ್ತಾರೆ. ಮೀಟರ್ ನೀರಿನ ಹುಳಿ ಹೇಳುತ್ತೆ, ಔಷಧಿ ಹೇಳುತ್ತೆ. ತಳದಲ್ಲಿ ಮಗು ಇದೆ ಅಂತ ಹೇಳುತ್ತಾ? ಒಪ್ಪಿಕೊಳ್ಳದಿದ್ದರೆ ಮೂರನೇ ಸಾಲು ಉಳಿಯುತ್ತೆ, ಆದರೆ ನಾಳೆ ಆಳದ ಕಡೆ ಎತ್ತರದ ಕುರ್ಚಿ ಮೇಲೆ ಮಕ್ಕಳನ್ನು ಕಾಯುತ್ತಾ ಕೂರುವವನು ನಾನೇ. ಕಣ್ಣಲ್ಲಿ ಹಾಲು ತುಂಬಿಕೊಂಡು. ಯಾವುದು ಸರಿ? ನೀವು ಆ ವರ್ಷ ಯಾವುದನ್ನು ಸರಿ ಅಂದುಕೊಂಡಿರಿ?

ನಿನ್ನೆ ಬೆಳಗ್ಗೆ ನಾನು ನಿಮ್ಮ ಹಾಗೆ ಮಾಡಿದೆ. ಯೋಚಿಸಿ ಮಾಡಿದ್ದಲ್ಲ, ಕಾಲು ತಾನಾಗಿ ಹೋಯಿತು. ಕೊಳಕ್ಕೆ ಬೆನ್ನು ಹಾಕಿ ಬೋರ್ಡಿನ ಮುಂದೆ ನಿಂತು, ಸೀಮೆಸುಣ್ಣ ಎತ್ತಿ, "ನಾಗವೇಣಿ, ಮುರಿದ ಕಾಲೈತೇನಮ್ಮ?" ಅಂತ ಕೂಗಿದೆ. ದನಿಯೂ ನಿಮ್ಮದೇ ಬಂತು, ನನಗೇ ಭಯವಾಯಿತು. ತಿರುಗಿದರೆ ಅವಳು ಪಕ್ಕದಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದಾಳೆ.

"ಲೋಕಣ್ಣ, ನಿಮಗೆ ಕಾಣ್ತಿಲ್ಲ ಅಲ್ವಾ?"

"ಯಾರಂದ್ರು?"

"ಯಾರೂ ಅನ್ನಲಿಲ್ಲ. ನಮ್ಮಜ್ಜಿ ಹಿಂಗೇ ಕೇಳೋರು. ಮೊರ ನನ್ ಕೈಗ್ ಕೊಟ್ಟು, 'ಅಕ್ಕೀಲಿ ಕಲ್ಲೈತೇನೇ, ನೋಡು, ನೀನೂ ಕಲೀಬೇಕು' ಅನ್ನೋರು. ಕಲಿಯಾಕಲ್ಲ ಅಂತ ಆಮ್ಯಾಕೆ ಗೊತ್ತಾಯ್ತು."

ನಾನು ಸೀಮೆಸುಣ್ಣ ಕೆಳಗಿಟ್ಟೆ. ಅದನ್ನು ನೋಡಿಯೇ ಅವಳಿಗೆ ಗಾಬರಿ ಆಗಿರಬೇಕು. "ಹೇಳಿದ್ರೆ ಏನಾಯ್ತದೆ ಈಗ? ಪೊರೆ ತಗ್ಸಿದ್ರೆ ಆಯ್ತು, ಹಾಸನಕ್ಕೆ ಹೋಗಿ ಬನ್ನಿ" ಅಂದಳು. ಅವಳಿಗೆ ಎಲ್ಲ ಸುಲಭ. ನಾನು ಮೂರನೇ ಸಾಲಿನ ಮಾತು ಹೇಳಿದೆ, ನೀವು ತಳಕ್ಕೆ ಹೋದ ಕಥೆ ಹೇಳಿದೆ, ಪೂರ್ತಿ, ಮೋಟಾರು ನಿಲ್ಲಿಸಿ. ಕೇಳಿ ಅವಳು ನೀರಿನ ಕಡೆ ಹೋಗಿ ಎಷ್ಟೋ ಹೊತ್ತು ಬಗ್ಗಿ ನೋಡುತ್ತಾ ನಿಂತಳು. "ನಿಮ್ ಭಾವನೋರು ನಿಮ್ಮನ್ನ ಒಂದ್ ವರ್ಷ ನಂಬಿದ್ರಲ್ಲಣ್ಣ. ನನ್ನ ಒಂದ್ ದಿನ ನಂಬಕ್ಕಾಗಲ್ವಾ?" ಅಂತ ಅಲ್ಲಿಂದಲೇ ಕೇಳಿದಳು. ಒಂದು ವರ್ಷದಲ್ಲಿ ನನಗೆ ಹೊಳೆಯದ್ದು ಇವಳಿಗೆ ನಿಂತ ನಿಲುವಿನಲ್ಲಿ ಹೊಳೆಯಿತು. ನನಗೆ ಸಿಟ್ಟು ಬಂತೋ ಅಳು ಬಂತೋ ಅದೂ ಗೊತ್ತಾಗಲಿಲ್ಲ.

ಇವತ್ತು ಬೆಳಗ್ಗೆ ನಡೆದದ್ದು ನಿಮಗೆ ಹೇಳಲೇಬೇಕು, ಅದಕ್ಕೇ ಇಷ್ಟೆಲ್ಲ. ಮೊಣಕೈವರೆಗೆ ಸೀಸೆ ಇಳಿಸಿದೆ. ಹನಿ ಬಿಟ್ಟೆ, ಬಿಳಿ ಗೋಡೆ ಮುಂದೆ ಹಿಡಿದೆ, ಅವಳನ್ನೂ ಕರೆದು ತೋರಿಸಿದೆ. ಮೊದಲ ಸಾಲು ಬರೆದೆ, ಎರಡನೆಯದು ಬರೆದೆ. ಇಬ್ಬರೂ ದಡಕ್ಕೆ ಹೋದೆವು. ಅವಳು ನೋಡಿದಳು, ನಾನು ನೋಡಿದೆ. ವಾಪಸ್ಸು ಬಂದು ಮೂರನೇ ಸಾಲು ಬರೆದೆ.

"ಆಮೆ: ನಾಗವೇಣಿಗೆ ಕಂಡಿದೆ. ಲೋಕೇಶನಿಗೆ ಕಂಡಿಲ್ಲ."

ಬರೆದು ಗೇಟ್ ತೆಗೆದೆ. ಎತ್ತರದ ಕುರ್ಚಿ ಮೇಲೆ ಅವಳನ್ನು ಕೂರಿಸಿ ನಾನು ಟಿಕೆಟ್ ಕಿಟಕಿಗೆ ಬಂದೆ. ಜನ ಓದಿದರು. ಕೆಲವರು ಎರಡು ಸಲ ಓದಿದರು. ಯಾವಾಗಲೂ ರೇಗಿಸುವ ಆ ವ್ಯಾಪಾರಿ ಸ್ಕೂಟರ್ ನಿಲ್ಲಿಸಿ, ಇಳಿದು ಬಂದು, "ಯಾಕಣ್ಣ, ಏನಾಯ್ತು ಕಣ್ಣಿಗೆ?" ಅಂದ. ಪೊರೆ ಇರಬೇಕು ಅಂದೆ. "ನಮ್ಮಪ್ಪಂಗೂ ತಗ್ಸಿದ್ವಿ, ಏನೂ ಆಗಲ್ಲ" ಅಂತ ಹೇಳಿ ಟವೆಲ್ ಕೊಡವಿ ಒಳಗೆ ಹೋದ. ಅಷ್ಟೇನಾ? ಇಷ್ಟು ದಿನ ನಾನು ಹೆದರಿದ್ದು ಇಷ್ಟಕ್ಕೇನಾ? ಅಥವಾ ಇನ್ನೂ ಇದೆಯಾ? ಮೇಷ್ಟ್ರು ಇನ್ನೂ ನೋಡಿಲ್ಲ. ಸಂಜೆ ಬರುತ್ತಾರೆ, ಓದುತ್ತಾರೆ. ನಾಳೆ ಮಕ್ಕಳಿಗೆ ಎರಡು ಸಾಲೋ ಮೂರು ಸಾಲೋ, ಸೀಮೆಸುಣ್ಣ ಯಾರ ಕೈಗೋ, ಅದು ಆಗ ಗೊತ್ತಾಗಬೇಕು. ನನ್ನ ಕೈಗಲ್ಲ ಅಂದರೂ ಸರಿ, ಮೂರು ಸಾಲು ಇರಲಿ ಅಂತ ಕೇಳುವವನಿದ್ದೀನಿ. ಕೇಳುವಾಗ ಈ ಸಲ ನಿಮ್ಮ ಕಥೆ ಹೇಳುತ್ತೀನಿ, ನುಂಗಲ್ಲ. ಕೊನೆಯ ವರ್ಷದ್ದೂ ಹೇಳಬೇಕಾ? ಅದು ನಿಮ್ಮದು, ನಾನು ಹೇಗೆ... ಅದೊಂದು ನನಗೆ ತಿಳಿಯುತ್ತಿಲ್ಲ ಭಾವ. ನಿಮ್ಮ ಪರವಾಗಿ ಬೋರ್ಡಿನ ಮೇಲೆ ಏನು ಬರೆಯಬೇಕಿತ್ತು ಆ ವರ್ಷವೆಲ್ಲ? "ಲೋಕನಿಗೆ ಕಂಡಿದೆ" ಅಂತಲಾ? ನೀವು ಬರೆಯುತ್ತಿದ್ದದ್ದು ಬರೀ "ಕಂಡಿದೆ". ಅದೂ ಸುಳ್ಳಲ್ಲವಲ್ಲ...

ಅಕ್ಕನನ್ನು ಕೇಳಿದರೆ ಒಂದೇ ಮಾತಿಗೆ ಮುಗಿಯುತ್ತಿತ್ತು, ಗೊತ್ತು. ಹೋದ ಸಲ ಬೇಲೂರಿಗೆ ಹೋದಾಗ ಬಾಯಿಯವರೆಗೂ ಬಂದಿತ್ತು. ಅವಳು ನಿಮ್ಮ ಕನ್ನಡಕ ಒರೆಸುತ್ತಾ ಕೂತಿದ್ದಳು, ಸೆರಗಿನ ತುದಿಯಲ್ಲಿ, ಎರಡೂ ಗಾಜು, ನೀವು ಈಗ ಎದ್ದು ಹಾಕಿಕೊಳ್ಳುತ್ತೀರಿ ಅನ್ನುವ ಹಾಗೆ. ಕೇಳಲಿಲ್ಲ. ಕಾಫಿ ಕುಡಿದು ಎದ್ದು ಬಂದೆ.

ಇದೇನಿದು? ಭಾವ, ಎರಡು ಗೆರೆ ಬಂತು. ಮೇಲಿನವಕ್ಕೆಲ್ಲ ಒಟ್ಟಿಗೇ ಬಂತು. ಗ್ಯಾಸ್ ಬುಕ್ ಮಾಡುವುದಕ್ಕೆ ಆನ್ ಮಾಡಿರಬೇಕು ಅಕ್ಕ. ಈಗ ಮುಚ್ಚಿಡುತ್ತಾಳೆ, ಏನಾಗಲ್ಲ... ಇಲ್ಲ. ಮೊದಲನೆಯದರ ಮೈಕು ನೀಲಿಯಾಯಿತು. ಕೇಳುತ್ತಿದ್ದಾಳೆ. ಅಯ್ಯೋ, ಅದರಲ್ಲಿ ಕೇಳಿದ್ದೆನಲ್ಲ, ನಿಮಗೆ ಕಾಣುತ್ತಿತ್ತಾ ಅಂತ. ಎರಡನೆಯದೂ ನೀಲಿಯಾಯಿತು.

ಭಾವ, ಬೇಗ ಹೇಳಿಬಿಡುತ್ತೀನಿ. ಸೋಮವಾರ ಹಾಸನಕ್ಕೆ ಹೋಗುತ್ತೀನಿ, ಕಣ್ಣು ತೋರಿಸುತ್ತೀನಿ. ಬೋರ್ಡ್ ಒರೆಸಿಲ್ಲ, ಮೇಷ್ಟ್ರು ಬಂದು ಓದುವವರೆಗೆ ಒರೆಸುವುದೂ ಇಲ್ಲ. ಅಕ್ಕ ಹೌದು ಅನ್ನಲಿ, ಇಲ್ಲ ಅನ್ನಲಿ, ಆವತ್ತು ದಡದಲ್ಲಿ ನೀವು ನನ್ನ ಹೆಗಲು ಹಿಡಿದು ಎದ್ದಿರಲ್ಲ, ಆ ಹೆಗಲು...

ರಿಂಗ್ ಆಗುತ್ತಿದೆ. ನೋಡಿ, ನಿಮ್ಮ ಹೆಸರೇ ಬಂದಿದೆ ಮೇಲೆ, "ಭಾವ" ಅಂತ, ನಿಮ್ಮ ಫೋಟೋ ಸಮೇತ. ಇಡುತ್ತೀನಿ. ನಿಮ್ಮ ಹೆಂಡತಿ ಕರೆಯುತ್ತಿದ್ದಾಳೆ.